ಮಳೆಗಾಲಕ್ಕೆ ಕೂಡಿಟ್ಟ ಹಣ: ಅಂಕೋಲೆಯ ಒಂದು ಪಿಗ್ಮಿ ಪ್ರಕರಣ

2025ರ ಜೂನ್ ಮೊದಲ ವಾರ, ಮೀನು ಮಾರುವ ಹೆಂಗಸೊಬ್ಬರು ಅಂಕೋಲಾ ಪೇಟೆಯ ಒಂದು ಪತ್ತಿನ ಸಹಕಾರಿ ಸಂಘದ ಶಾಖೆಗೆ ಬಂದು, ಆಗಸ್ಟಿನಿಂದ ದಿನವೂ ಏಜೆಂಟನ ಕೈಗೆ ಕಟ್ಟುತ್ತ ಬಂದ ಪಿಗ್ಮಿ ಉಳಿತಾಯದ ಹಣವನ್ನು ಬಿಡಿಸಿಕೊಡಿ ಎಂದು ಕೇಳಿದರು. ದಿನಕ್ಕೆ ನೂರು ರೂಪಾಯಿಯಂತೆ, ವ್ಯಾಪಾರವಿಲ್ಲದ ದಿನಗಳನ್ನು ಕಳೆದರೂ 25 ಸಾವಿರದ ಹತ್ತಿರ ಆಗಿರಬೇಕೆಂಬುದು ಅವರ ಬಾಯಿಲೆಕ್ಕ. ಶಾಖೆಯ ಕಂಪ್ಯೂಟರಿನಲ್ಲಿ ಇದ್ದದ್ದು 5,180 ರೂಪಾಯಿ. ಗುಮಾಸ್ತರು ಎರಡು ಸಲ ಓದಿ ಹೇಳಿದರೂ ಅವರು ನಂಬಲಿಲ್ಲ. ಬೇರೆ ಯಾರದೋ ಖಾತೆ ನೋಡುತ್ತಿದ್ದೀರಿ ಎಂದು ಮನೆಗೆ ಹೋಗಿ, ಚೀಟಿ ಹಾಕಿಡುತ್ತಿದ್ದ ಹಳೆಯ ಹಾರ್ಲಿಕ್ಸ್ ಡಬ್ಬಿಯನ್ನೇ ತಂದು ಮೇಜಿನ ಮೇಲೆ ಸುರಿದರು. ಮೇಲಿನ ಚೀಟಿಗಳಲ್ಲಿ 20 ಎಂಬ ಅಂಕಿ ಸ್ಪಷ್ಟವಾಗಿತ್ತು. ತಳದಲ್ಲಿದ್ದ ಹಳೆಯ ಚೀಟಿಗಳು, ರಸೀದಿ ಮುದ್ರಿಸುವ ಏಜೆಂಟನ ಕೈಯಂತ್ರದ ನುಣುಪು ಕಾಗದದ ಅಕ್ಷರ ಮಾಸಿಹೋಗಿ, ಬರಿಯ ಬಿಳಿ ತುಂಡುಗಳಾಗಿದ್ದವು.

ಆ ವಾರ ಮುಗಿಯುವುದರೊಳಗೆ ಹದಿನೇಳು ಖಾತೆಗಳಲ್ಲಿ ಇದೇ ಬಗೆಯ ವ್ಯತ್ಯಾಸ ಕಂಡುಬಂತು. ಒಟ್ಟು ಮೊತ್ತ 2,86,000 ರೂಪಾಯಿ. ಹಣ ಸಂಗ್ರಹಿಸುತ್ತಿದ್ದವನು 25 ವರ್ಷದ ಪದವೀಧರ. ಅಂದಿನಿಂದ ಊರಿನವರ ಬಾಯಲ್ಲಿ ಒಂದೇ ಮಾತು: ಈಗಿನ ಹುಡುಗರಲ್ಲಿ ನೀತಿ ನಿಯತ್ತು ಉಳಿದಿಲ್ಲ. ಆ ಮಾತು ಈ ಪ್ರಕರಣದ ಮಟ್ಟಿಗೆ ಎಷ್ಟು ನಿಜ ಎಂಬುದನ್ನು ನೋಡಬೇಕೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಇದರಲ್ಲಿ ಹೊರಗಿನವನಲ್ಲ. ಅವನಿಗೆ ಎಂಟರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಕಲಿಸಿದವನು ನಾನು. ಅವನು ಪಿಗ್ಮಿ ಕೆಲಸಕ್ಕೆ ಅರ್ಜಿ ಹಾಕಿದಾಗ ‘ನಡತೆ ಉತ್ತಮ’ ಎಂದು ಬರೆದುಕೊಟ್ಟು, ಇಬ್ಬರು ಜಾಮೀನುದಾರರಲ್ಲಿ ಒಬ್ಬನಾಗಿ ಸಹಿ ಹಾಕಿದವನೂ ನಾನೇ. ಸಂಬಂಧಪಟ್ಟವರನ್ನು ಕೇಳಿಕೊಂಡೇ ಬರೆದಿದ್ದೇನೆ. ಅವರ ಹೆಸರನ್ನೂ ಹಳ್ಳಿಯನ್ನೂ ಸಂಘದ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಪಿಗ್ಮಿ ಮತ್ತು ಮಳೆಗಾಲ

ಪಿಗ್ಮಿ ನಮ್ಮ ಕರಾವಳಿಯಲ್ಲಿಯೇ ಹುಟ್ಟಿದ ಉಳಿತಾಯದ ಪದ್ಧತಿ. ಕಷ್ಟಕ್ಕೆ ಸಿಲುಕಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯು 1928ರಲ್ಲಿ ಇದನ್ನು ಜಾರಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟನೇ ಬಾಗಿಲಿಗೆ ಬಂದು ಪಡೆಯಬೇಕೆಂಬ ಯೋಚನೆಯ ಹಿಂದೆ ಡಾ. ಟಿ.ಎಂ.ಎ. ಪೈ ಅವರಿದ್ದರು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಸಣ್ಣ ದೊಡ್ಡ ಸಹಕಾರಿ ಸಂಘಗಳ ಮೂಲಕ ಪ್ರತಿ ಪೇಟೆಯಲ್ಲೂ ಉಳಿದಿದೆ. ಬ್ಯಾಂಕಿಗೆ ಹೋಗಲು ಹೊತ್ತಿಲ್ಲದವರಿಗೆ, ಹೋದರೂ ಫಾರ್ಮು ತುಂಬಲು ಬಾರದವರಿಗೆ, ಬ್ಯಾಂಕು ತಾನೇ ನಡೆದು ಬರುವ ಏರ್ಪಾಡು ಇದು.

ಮೀನು ಮಾರುವ ಹೆಂಗಸರಿಗೆ ಪಿಗ್ಮಿ ಎಂದರೆ ಮಳೆಗಾಲ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಬೋಟು ದಡಕ್ಕೆ ಬಿದ್ದ ಮೇಲೆ ಬಂಗಡೆಯೂ ಇಲ್ಲ, ತಾರ್ಲೆಯೂ ಇಲ್ಲ. ಒಣಮೀನು ಮಾರಿ ಬರುವ ಕಾಸು ಮನೆಯ ಖರ್ಚಿನ ಅರ್ಧಕ್ಕೂ ಬರುವುದಿಲ್ಲ. ಅದೇ ಜೂನಿನಲ್ಲಿ ಶಾಲೆ ಶುರುವಾಗುತ್ತದೆ, ಮಾಡಿಗೆ ತಾಡಪಾಲು ಬೇಕಾಗುತ್ತದೆ, ಅಕ್ಕಿ ತಂದಿಡಬೇಕಾಗುತ್ತದೆ. ಹಾಗಾಗಿ ಆಗಸ್ಟಿನಲ್ಲಿ ಖಾತೆ ತೆರೆದು, ಮೇ ಕೊನೆಯವರೆಗೆ ಕಟ್ಟಿ, ಜೂನಿನಲ್ಲಿ ಬಿಡಿಸಿಕೊಳ್ಳುವುದು ಅವರ ಎಷ್ಟೋ ವರ್ಷಗಳ ರೂಢಿ. ಈ ರೂಢಿಯೇ ಕೊನೆಗೆ ಪ್ರಕರಣವನ್ನು ಬಯಲಿಗೆ ತಂದಿತು.

ಈ ಯುವಕನಿಗಿಂತ ಮೊದಲು ಅದೇ ಹಾದಿಯಲ್ಲಿ ಸುತ್ತುತ್ತಿದ್ದವರು ಒಬ್ಬ ವಯಸ್ಸಾದ ಏಜೆಂಟರು. ಅವರ ಕಾಲದಲ್ಲಿ ಕಾರ್ಡು ಇತ್ತು. ಮೀನಿನ ಬುಟ್ಟಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಕಾರ್ಡನ್ನು ಮೊಣಕಾಲ ಮೇಲಿಟ್ಟು, ಪೆನ್ನಿನಿಂದ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು: “ಇವತ್ತಿಗೆ ಐವತ್ತು, ಒಟ್ಟು ನಾಲ್ಕು ಸಾವಿರದ ಇನ್ನೂರು.” ಪಕ್ಕದ ಬುಟ್ಟಿಯವಳಿಗೂ ಎದುರಿನ ತರಕಾರಿಯವಳಿಗೂ ಅದು ಕೇಳುತ್ತಿತ್ತು. ಮರುದಿನ ಅವರು ‘ನಾಲ್ಕು ಸಾವಿರದ ಇನ್ನೂರ ಐವತ್ತು’ ಎನ್ನದೆ ಬೇರೆ ಅಂಕಿ ಹೇಳಿದರೆ, ಖಾತೆಯವಳು ಸುಮ್ಮನಿದ್ದರೂ ಪಕ್ಕದವಳು ಬಿಡುತ್ತಿರಲಿಲ್ಲ. ಕೈಯಂತ್ರ ಬಂದಾಗ ಅವರು ಅದನ್ನು ಕಲಿಯಲಾರದೆ ಕೆಲಸ ಬಿಟ್ಟರು. ಯಂತ್ರವು ಚೀಟಿ ಮುದ್ರಿಸಿ ಕೊಡುತ್ತದೆಯಾದ್ದರಿಂದ ಓದಿ ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಈ ಸಣ್ಣ ಬದಲಾವಣೆಯನ್ನು ಆಗ ನಾವಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರಕರಣದುದ್ದಕ್ಕೂ ನಾನು ಮರಳಿ ಮರಳಿ ಬರುವುದು ಇಲ್ಲಿಗೇ.

ಯುವಕ

ತಂದೆ ತಾಂಡೇಲರು, ಎಂದರೆ ಮೀನುಗಾರಿಕೆ ಬೋಟು ನಡೆಸುವವರು. ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ. ಇವನು ಬಿ.ಕಾಂ. ಮುಗಿಸಿ, ಒಂದು ವರ್ಷ ಗೋವಾದಲ್ಲಿ ಹೋಟೆಲಿನ ಲೆಕ್ಕ ನೋಡಿ, ಸಂಬಳ ಸಾಲದೆ ಊರಿಗೆ ಮರಳಿದವನು. 63 ಗಿರಾಕಿಗಳ ಪಿಗ್ಮಿ ಸಂಗ್ರಹ ಅವನ ಕೈಗೆ ಬಂತು. ನೂರಕ್ಕೆ ಮೂರು ರೂಪಾಯಿ ಕಮಿಷನ್.

ಊರಿನವರು ‘ಸಂಸ್ಕಾರ’ ಎಂದು ಯಾವುದನ್ನು ಕರೆಯುತ್ತಾರೋ ಅದೆಲ್ಲ ಅವನಲ್ಲಿ ಇತ್ತು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಹಿರಿಯರನ್ನು ಕಂಡರೆ ಬೈಕು ನಿಲ್ಲಿಸಿ ಮಾತನಾಡಿಸುತ್ತಿದ್ದ. ಶನಿವಾರದ ಭಜನೆಗೆ ತಾಳ ಹಿಡಿಯುತ್ತಿದ್ದ. ಬಂಡಿಹಬ್ಬದ ಹತ್ತು ದಿನ ಮೊದಲೇ ಚಪ್ಪರದ ಕೆಲಸಕ್ಕೆ ನಿಲ್ಲುತ್ತಿದ್ದ. ಕುಡಿಯುತ್ತಿರಲಿಲ್ಲ, ಗುಟ್ಕಾ ತಿನ್ನುತ್ತಿರಲಿಲ್ಲ. ನನ್ನ ಪ್ರಮಾಣಪತ್ರದಲ್ಲಿ ನಾನು ಸುಳ್ಳು ಬರೆದಿರಲಿಲ್ಲ. ನಾನು ನೋಡಿದ್ದನ್ನೇ ಬರೆದಿದ್ದೆ. ನಾನು ನೋಡಿದ್ದು ಏನನ್ನು ಎಂಬ ಪ್ರಶ್ನೆ ನನಗೆ ಎದುರಾದದ್ದು ಆಮೇಲೆ. ಅವನ ವಿನಯ ನೋಡಿದ್ದೆ, ಭಕ್ತಿ ನೋಡಿದ್ದೆ, ಮಾತಿನ ಸೌಜನ್ಯ ನೋಡಿದ್ದೆ. ಇನ್ನೊಬ್ಬರ ಹಣ ಅವನ ಕೈಯಲ್ಲಿದ್ದಾಗ ಅವನು ಹೇಗಿರುತ್ತಾನೆ ಎಂಬುದನ್ನು ನಾನೂ ಯಾರೂ ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಶಾಲೆಯಲ್ಲಿ ಹಿಂದೆ ಸಂಚಯಿಕ ಎಂಬ ಮಕ್ಕಳ ಉಳಿತಾಯ ಯೋಜನೆ ನಡೆಯುತ್ತಿತ್ತು. ಮಕ್ಕಳೇ ಹಣ ಪಡೆದು, ಮಕ್ಕಳೇ ಪುಸ್ತಕದಲ್ಲಿ ಬರೆದು, ಶನಿವಾರ ಪ್ರಾರ್ಥನೆಯ ನಂತರ ವಾರದ ಜಮೆಯನ್ನು ಓದಿ ಹೇಳುತ್ತಿದ್ದರು. ನಾಲ್ಕಾಣೆ ತಪ್ಪಿದರೂ ಅದು ಸಿಗುವವರೆಗೆ ಲೆಕ್ಕ ಬರೆದ ಹುಡುಗ ಮನೆಗೆ ಹೋಗುವಂತಿರಲಿಲ್ಲ. ಲೆಕ್ಕಪತ್ರದ ತಾಪತ್ರಯ ಜಾಸ್ತಿಯಾಯಿತೆಂದು ಶಿಕ್ಷಕರ ಸಭೆಯಲ್ಲಿ ಅದನ್ನು ನಿಲ್ಲಿಸಿದಾಗ ನಾನೂ ಕೈ ಎತ್ತಿದ್ದೆ. ಇವನು ಶಾಲೆಗೆ ಸೇರಿದ್ದು ಅದರ ನಂತರ. ಪ್ರಾಮಾಣಿಕತೆಯ ಮಹತ್ವದ ಬಗ್ಗೆ ಇವನು ನನಗೆ ಪ್ರಬಂಧ ಬರೆದುಕೊಟ್ಟಿದ್ದಾನೆ, ಚೆನ್ನಾಗಿಯೇ ಬರೆದಿದ್ದ.

ಹಣ ಹೋದ ದಾರಿ

2024ರ ಐಪಿಎಲ್ ಸಮಯದಲ್ಲಿ ಗೆಳೆಯರ ಜೊತೆ 49 ರೂಪಾಯಿ ಹಾಕಿ ಫೋನಿನಲ್ಲಿ ಕ್ರಿಕೆಟ್ ತಂಡ ಕಟ್ಟಿದ್ದು ಆರಂಭ. ಒಂದು ಸಂಜೆ 1,900 ರೂಪಾಯಿ ಬಂತು. ಐಪಿಎಲ್ ಮುಗಿದ ಮೇಲೆ ರಮ್ಮಿ. ಆ ವರ್ಷದ ಜೂನಿನವರೆಗೆ ಹೋದದ್ದೆಲ್ಲ ಅವನ ಸ್ವಂತ ಕಮಿಷನ್ ಹಣ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾಯಿತು. ಜೀವಗಳು ಹೋದ ಆ ದಿನಗಳ ನೆನಪು ನಮ್ಮ ತಾಲೂಕಿನಲ್ಲಿ ಇನ್ನೂ ಹಸಿಯಾಗಿದೆ. ಅಂಥ ದಿನಗಳ ನಡುವೆ ನಡೆದ ಇನ್ನೊಂದು ಸಣ್ಣ ಸಂಗತಿ ಯಾರ ಗಮನಕ್ಕೂ ಬರಲಿಲ್ಲ. ಇವನು ಸುತ್ತುವ ಹಳ್ಳಿಗಳಲ್ಲಿ ಹೆಚ್ಚಿನವು ಕುಸಿತದ ಆಚೆಗಿದ್ದವು, ಸಂಘದ ಶಾಖೆ ಈಚೆಗಿತ್ತು. ಅಂಗಡಿಯವರಿಂದ, ಹೊಲಿಗೆಯವರಿಂದ ಸಂಗ್ರಹವಾದ ಹಣವನ್ನು ಅಂದಂದೇ ಜಮಾ ಮಾಡಲು ಆಗಲಿಲ್ಲ. ಆರು ದಿನ, ಸುಮಾರು 14 ಸಾವಿರ ರೂಪಾಯಿ, ಅವನ ಮನೆಯ ಕಪಾಟಿನಲ್ಲಿ ಉಳಿಯಿತು. ಇನ್ನೊಬ್ಬರ ಹಣ ಅವನ ಮನೆಯಲ್ಲಿ ರಾತ್ರಿ ಕಳೆದದ್ದು ಅದೇ ಮೊದಲು. ಮಳೆ ಬಿಡುವಿಲ್ಲದೆ ಸುರಿಯುತ್ತಿದ್ದ ನಾಲ್ಕನೆಯ ರಾತ್ರಿ ಅದರಲ್ಲಿ ಎರಡು ಸಾವಿರವನ್ನು ಆಟಕ್ಕೆ ಹಾಕಿದ; ಗೆದ್ದು ಬೆಳಗಾಗುವುದರೊಳಗೆ ಇಟ್ಟುಬಿಡುವೆ ಎಂದುಕೊಂಡಿದ್ದನಂತೆ. ಆರನೆಯ ದಿನಕ್ಕೆ ಒಂಬತ್ತು ಸಾವಿರ ಹೋಗಿತ್ತು. ಫೋನಿನಲ್ಲೇ ಸಿಗುವ ತುರ್ತು ಸಾಲ ತೆಗೆದು ಶಾಖೆಗೆ ಪೂರಾ ಕಟ್ಟಿದ. ಆ ಸಾಲದ ವಾರದ ಕಂತು ತೀರಿಸಲು ಆಗಸ್ಟಿನಲ್ಲಿ ಹೊಸದಾಗಿ ತೆರೆದ ಖಾತೆಗಳಿಗೆ ಕೈ ಹಾಕಿದ.

ನೂರು ಪಡೆದು ಯಂತ್ರದಲ್ಲಿ ಇಪ್ಪತ್ತು ಒತ್ತುವುದು ಅವನು ಕಂಡುಕೊಂಡ ಉಪಾಯ. ಚೀಟಿ ಬರುತ್ತದೆ, ಕೈಗೆ ಕೊಡುತ್ತಾನೆ. ನಡುವೆ ಯಾರಾದರೂ ಮದುವೆಗೋ ಆಸ್ಪತ್ರೆಗೋ ಹಣ ಬೇಕೆಂದರೆ, ಬೇರೆಯವರದ್ದನ್ನು ಅವರ ಖಾತೆಗೆ ತುಂಬಿ ಸರಿದೂಗಿಸುತ್ತಿದ್ದ. ಒಬ್ಬೊಬ್ಬರಾಗಿ ಕೇಳಿದಷ್ಟು ಕಾಲ ಇದು ನಡೆಯಿತು. ಜೂನ್ ಬಂದಾಗ ಎಲ್ಲರೂ ಒಟ್ಟಿಗೆ ಕೇಳಿದರು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ನೋಯಿಸಿದ್ದು ಹೋದ ಮೊತ್ತವಲ್ಲ. 63 ಗಿರಾಕಿಗಳಲ್ಲಿ 46 ಜನರ ಲೆಕ್ಕ ಪೈಸೆಗೆ ಪೈಸೆ ಸರಿಯಿತ್ತು. ಕಿರಾಣಿ ಅಂಗಡಿಯವರು, ಮೊಬೈಲ್ ಅಂಗಡಿಯವರು, ಔಷಧಿ ಅಂಗಡಿಯವರು, ಒಟ್ಟಿನಲ್ಲಿ ಚೀಟಿ ಓದಬಲ್ಲವರೆಲ್ಲ ಅವರಲ್ಲಿದ್ದರು. ಉಳಿದ ಹದಿನೇಳು ಜನ ಓದಲು ಬಾರದ ಹೆಂಗಸರು, ಹೆಚ್ಚಿನವರು ಮೀನು ಮಾರುವವರು, ಇಬ್ಬರು ಸೊಪ್ಪು ತರಕಾರಿಯವರು. ಅವರನ್ನೇ ಏಕೆ ಆರಿಸಿಕೊಂಡೆ ಎಂದು ಅವನು ಒಬ್ಬನೇ ಇದ್ದಾಗ ನಾನು ಕೇಳಿದೆ. ಬಹಳ ಹೊತ್ತು ತಲೆ ತಗ್ಗಿಸಿದ್ದವನು, “ಅವ್ರು ಕೇಳೂದಿಲ್ಲ ಅಂತ ಗೊತ್ತಿತ್ತು, ಸರ್” ಎಂದ. ಆಟದ ಚಟ ಒಂದು ರೋಗವೆಂದು ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಜೂಜಿನ ಚಟಕ್ಕೆ ಸ್ಥಾನವಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ಆದರೆ ಯಾರಿಗೆ ಮೋಸ ಮಾಡಿದರೆ ಸಿಕ್ಕಿಬೀಳುವುದಿಲ್ಲ ಎಂದು ಎಣಿಸಿ ಆರಿಸಿದ್ದು ಚಟ ಮಾಡಿದ ಕೆಲಸವಲ್ಲ. ಅಲ್ಲಿ ಅವನ ಬುದ್ಧಿ ನೆಟ್ಟಗೆ ಕೆಲಸ ಮಾಡುತ್ತಿತ್ತು. ನೀತಿ ತಪ್ಪಿದ್ದು ಅಲ್ಲಿ, ಅದನ್ನು ನಾನು ಯಾವ ಕಾರಣಕ್ಕೂ ತೆಳುಮಾಡಿ ಹೇಳಲಾರೆ.

ಆದರೆ ಹದಿನೇಳು ಖಾತೆಗಳ ಕಾಗದ ಪರಿಶೀಲಿಸುವಾಗ ಇನ್ನೊಂದು ವಿಷಯ ತಿಳಿಯಿತು. ಪ್ರತಿ ಜಮೆಗೂ ಸಂಘದಿಂದ ಎಸ್‌ಎಂಎಸ್ ಹೋಗುತ್ತಿತ್ತು. ಒಂಬತ್ತು ಖಾತೆಗಳಲ್ಲಿ ನೋಂದಾಯಿಸಿದ್ದ ಸಂಖ್ಯೆ ಆ ಹೆಂಗಸರ ಮಗನದ್ದು ಅಥವಾ ಮೊಮ್ಮಗನದ್ದು. ಆ ಒಂಬತ್ತು ಫೋನುಗಳಿಗೆ ಹತ್ತು ತಿಂಗಳು, ದಿನವೂ, ‘ನಿಮ್ಮ ಖಾತೆಗೆ ರೂ. 20 ಜಮಾ ಆಗಿದೆ’ ಎಂಬ ಸಂದೇಶ ಬಂದಿದೆ. ಒಬ್ಬನೂ ಅದನ್ನು ತಾಯಿಗೆ ಓದಿ ಹೇಳಿಲ್ಲ. ಒಬ್ಬ ಮಗನ ಫೋನನ್ನು ನಾನೇ ನೋಡಿದೆ. ಜಾಹೀರಾತು, ರೀಚಾರ್ಜು, ಓಟಿಪಿಗಳ ನಡುವೆ ಇನ್ನೂರಕ್ಕೂ ಹೆಚ್ಚು ಸಂದೇಶಗಳು ತೆರೆಯದೆ ಬಿದ್ದಿದ್ದವು. ಆ ಹುಡುಗ ಕಳ್ಳನಲ್ಲ. ತಾಯಿಯನ್ನು ಪ್ರೀತಿಸುವವನೇ. ತಾಯಿಯ ಹಣದ ಸುದ್ದಿ ತನ್ನ ಜೇಬಿಗೆ ಬರುತ್ತಿದೆ ಎಂಬುದೇ ಅವನ ತಲೆಗೆ ಹೊಳೆದಿರಲಿಲ್ಲ.

ಕಟ್ಟೆಯ ಮೇಲಿನ ಮಾತು

ದೇವಸ್ಥಾನದ ಎದುರಿನ ಅಶ್ವತ್ಥಕಟ್ಟೆಯಲ್ಲಿ ಜೂನ್ ತಿಂಗಳಿಡೀ ಇದೇ ಚರ್ಚೆ. ಮೊಬೈಲ್ ಹಾಳು ಮಾಡಿತು ಎಂದರು ಕೆಲವರು, ಕೂಡುಕುಟುಂಬ ಒಡೆದದ್ದೇ ಕಾರಣ ಎಂದರು ಇನ್ನು ಕೆಲವರು. ದೇವರ ಭಯ ಹೋಯಿತು ಎಂಬ ಮಾತಂತೂ ದಿನವೂ ಕೇಳಿಬರುತ್ತಿತ್ತು. ಈ ಕಾರಣಗಳನ್ನು ಒಂದೊಂದಾಗಿ ಈ ಹುಡುಗನಿಗೆ ಹಚ್ಚಿ ನೋಡಿದರೆ ನಿಲ್ಲುವುದಿಲ್ಲ. ಅವನ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರು. ದೇವರ ಕೆಲಸದಲ್ಲಿ ಅವನು ಮುಂದಿದ್ದ.

ಜೂಜು ನಮ್ಮ ಕಡೆ ಹೊಸತೂ ಅಲ್ಲ. ಓಸಿ ಎಂಬ ಅಂಕಿ ಜೂಜಿನ ಚೀಟಿ ಬರೆಸದ ಬೀದಿ ನಮ್ಮ ಚಿಕ್ಕಂದಿನಲ್ಲಿ ಇರಲಿಲ್ಲ. ಜಾತ್ರೆಯ ಬದಿಯಲ್ಲಿ, ಯಕ್ಷಗಾನದ ರಂಗಸ್ಥಳದ ಹಿಂದೆ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಅಂದರ್ ಬಾಹರ್ ನಡೆಯುತ್ತಿತ್ತು. ಕಟ್ಟೆಯ ಮೇಲೆ ಕೂತವರಲ್ಲಿಯೇ ಅದರಿಂದ ಗದ್ದೆ ಕಳೆದುಕೊಂಡ ಮನೆಯವರಿದ್ದಾರೆ. ಹಿಂದಿನವರೆಲ್ಲ ಸತ್ಯವಂತರು ಎಂಬ ಕಥೆಯನ್ನು ಮಕ್ಕಳಿಗೆ ಹೇಳಿದರೆ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಆದರೆ ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ನಮ್ಮದೇ ತಾಲೂಕಿನ ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು, 2017ರಲ್ಲಿ ಪದ್ಮಶ್ರೀ ಪಡೆದು 2025ರ ಫೆಬ್ರವರಿಯಲ್ಲಿ ತೀರಿಕೊಂಡ ಸುಕ್ರಜ್ಜಿ, ತಮ್ಮ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತವರು. ಕುಡಿತಕ್ಕೆ ತಮ್ಮ ಸಾಕುಮಗನನ್ನೇ ಕಳೆದುಕೊಂಡ ಸಂಕಟ ಅವರ ಹೋರಾಟದ ಹಿಂದೆ ಇತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿಗೆ ಒಂದು ಅಂಗಡಿ ಇತ್ತು. ಒಳಗೆ ಹೋದವನು ಯಾರೆಂದು ಬೀದಿಗೆ ತಿಳಿಯುತ್ತಿತ್ತು. ಹೆಂಗಸರು ಸೇರಿ ಅದರ ಎದುರು ಕೂರಬಹುದಿತ್ತು. ಓಸಿ ಬರೆಯುವವನಿಗೂ ಒಂದು ಮುಖ ಇತ್ತು. ತಾಯಿಯೋ ಹೆಂಡತಿಯೋ ಹೋಗಿ ಅವನ ಅಂಗಿ ಹಿಡಿದು ಕೇಳಬಹುದಿತ್ತು. ಈ ಯುವಕ ಭಜನೆ ಮುಗಿಸಿ ಬಂದು ಅಜ್ಜಿಯ ಮಗ್ಗುಲಲ್ಲಿ ಮಲಗಿಕೊಂಡೇ ಎಂಟು ಸಾವಿರ ಕಳೆದ ರಾತ್ರಿ ಇದೆ. ಅಜ್ಜಿಗೆ ಕಂಡದ್ದು ಮೊಮ್ಮಗನ ಮುಖದ ಮೇಲೆ ಫೋನಿನ ಬೆಳಕು ಮಾತ್ರ.

ಸರ್ಕಾರ ತೀರ ಸುಮ್ಮನಿತ್ತು ಎನ್ನಲಾಗದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ರಂದು. ಇವನು ಆಟಕ್ಕೆ ಇಳಿದದ್ದೂ ಮುಳುಗಿದ್ದೂ ಈ ಎರಡರ ನಡುವಿನ ಅವಧಿಯಲ್ಲಿ, ಹೆಸರಾಂತ ಆಟಗಾರರು ಟಿವಿಯಲ್ಲಿ ಬಂದು ಆಡಿ ಎಂದು ಕರೆಯುತ್ತಿದ್ದ ಕಾಲದಲ್ಲಿ. ಯಾವ ಹಿರಿಯರು ತಪ್ಪು ಎಂದು ಹೇಳಬೇಕಿತ್ತೋ ಅವರ ಮನೆಯ ಟಿವಿಯಲ್ಲಿಯೇ ಆ ಜಾಹೀರಾತು ಬರುತ್ತಿತ್ತು.

ಇತ್ಯರ್ಥ

ಸಂಘದ ಆಡಳಿತದವರು ಮೊದಲು ತೆಗೆದುಕೊಂಡ ನಿಲುವು ನನಗೆ ಒಪ್ಪಿಗೆಯಾಗಲಿಲ್ಲ. ಅವನು ನಮ್ಮ ನೌಕರನಲ್ಲ, ಕಮಿಷನ್ ಏಜೆಂಟ್ ಮಾತ್ರ. ಚೀಟಿ ನೋಡಿಕೊಳ್ಳುವುದು ಗಿರಾಕಿಯ ಜವಾಬ್ದಾರಿ ಎಂದರು. ಪಿಗ್ಮಿ ಸಂಗ್ರಾಹಕರು ಕಾರ್ಮಿಕರೇ, ಅವರು ಪಡೆಯುವ ಕಮಿಷನ್ ದುಡಿಮೆಗೆ ತಕ್ಕ ವೇತನವೇ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಸಂಗ್ರಾಹಕರ ವಿವಾದದಲ್ಲಿ ಹೇಳಿದೆ. ಆ ತೀರ್ಪು ಕಾರ್ಮಿಕರ ಹಕ್ಕಿಗೆ ಸಂಬಂಧಿಸಿದ್ದು ನಿಜ. ಆದರೂ ತಮ್ಮ ಯಂತ್ರ, ತಮ್ಮ ರಸೀದಿ, ತಮ್ಮ ಗುರುತಿನ ಚೀಟಿ ಕೊಟ್ಟು ಕಳಿಸಿದವನನ್ನು ಹಣ ಹೋದ ದಿನ ‘ನಮ್ಮವನಲ್ಲ’ ಎನ್ನುವುದು ಯಾವ ನೀತಿ ಎಂದು ಸಭೆಯಲ್ಲಿ ಕೇಳಿದೆ. ಬ್ಯಾಂಕುಗಳ ಠೇವಣಿಗಿರುವ 5 ಲಕ್ಷ ರೂಪಾಯಿಯ ವಿಮೆ ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಇಲ್ಲ. ಈ ಹೆಂಗಸರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ.

ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಂತೆ ಇದು ನಂಬಿಕೆ ದ್ರೋಹದ ಅಪರಾಧ; ಹಣದ ವ್ಯವಹಾರ ಮಾಡುವ ಏಜೆಂಟನೇ ಎಸಗಿದರೆ ಶಿಕ್ಷೆ ಹತ್ತು ವರ್ಷದವರೆಗೆ, ಕೆಲವೊಮ್ಮೆ ಜೀವಾವಧಿಯವರೆಗೂ ಆಗಬಹುದು. ಹದಿನೇಳು ಜನರಲ್ಲಿ ಒಬ್ಬರ ಮಗಳು ಪೊಲೀಸ್ ದೂರು ಕೊಟ್ಟೇ ತೀರುವೆ ಎಂದಳು. ಅದು ಅವಳ ಹಕ್ಕು, ಯಾರೂ ತಡೆಯಬಾರದು ಎಂದು ನಾನು ಹೇಳಿದೆ, ಅವಳು ಕೊಟ್ಟಳು. ಉಳಿದ ಹದಿನಾರು ಜನ ಮೊದಲು ಹಣದ ಮಾತಾಗಲಿ ಎಂದರು. ನಾಲ್ಕು ಸಲ ಸೇರಿದೆವು. ತಂದೆ 1,10,000 ರೂಪಾಯಿ ತಂದರು. ತಾಯಿಯ ಕೊರಳಲ್ಲಿ ಕರಿಮಣಿಯ ಹೊರತು ಬೇರೇನೂ ಇಲ್ಲದಿರುವುದು ಎಲ್ಲರಿಗೂ ಕಾಣುತ್ತಿತ್ತು. ಸಂಘದವರು ಅವನ ಭದ್ರತಾ ಠೇವಣಿ 25,000 ಬಿಟ್ಟುಕೊಟ್ಟರು. ಜಾಮೀನುದಾರನಾಗಿ ನನ್ನ ಪಾಲಿನ 25,000 ನಾನು ಕಟ್ಟಿದೆ. ಉಳಿದದ್ದು 1,26,000.

ಬೋಟು ಇಳಿದ ಮೇಲೆ ಇದನ್ನೂ ತಾನೇ ತೀರಿಸುತ್ತೇನೆ, ಮಗನನ್ನು ಬೇರೆ ಊರಿಗೆ ಕಳಿಸುತ್ತೇನೆ ಎಂದು ತಂದೆ ಕೈ ಮುಗಿದರು. ಆಗ ಎದ್ದು ನಿಂತವರು ಹಾರ್ಲಿಕ್ಸ್ ಡಬ್ಬಿ ತಂದಿದ್ದ ಆ ಹೆಂಗಸು. ತಾಂಡೇಲರತ್ತ ನೋಡದೆ ನೇರವಾಗಿ ಹುಡುಗನಿಗೆ ಹೇಳಿದರು: “ತಮಾ, ಅಪ್ಪ ಕೊಟ್ರೆ ನಿಂಗೆ ಗೊತ್ತಾಗೂದು ಹೆಂಗೆ? ನೀನೇ ದುಡಿದು ತಂದು ಕೊಡು. ಮಾರ್ಕೆಟ್ಟಿಗೇ ಬಾ. ಎಷ್ಟು ಕೊಟ್ಟೆ, ಎಷ್ಟು ಉಳೀತು, ಎಲ್ರಿಗೂ ಕೇಳೂ ಹಂಗೆ ಹೇಳು.” ಸಭೆಯಲ್ಲಿದ್ದ ಗಂಡಸರು, ನಾನೂ ಸೇರಿ, ಇದು ಅವನಿಗೆ ಅವಮಾನವಾಗುತ್ತದೆ, ಹುಡುಗ ಜೀವಕ್ಕೆ ಏನಾದರೂ ಮಾಡಿಕೊಂಡರೆ ಎಂದು ಹಿಂಜರಿದೆವು. ಆ ಭಯ ಸುಳ್ಳಾಗಿರಲಿಲ್ಲ. ಅದಕ್ಕೆಂದೇ ಮೊದಲು 14416ರ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಿಸಿ, ಅವರ ಸಲಹೆಯಂತೆ ಕಾರವಾರದಲ್ಲಿ ವೈದ್ಯರ ಬಳಿ ತೋರಿಸಿ, ಅವರು ಆಗಬಹುದು ಎಂದ ಮೇಲೆಯೇ ಈ ಷರತ್ತಿಗೆ ಒಪ್ಪಿದ್ದು. ಆ ಹೆಂಗಸಿನ ಮನಸ್ಸಿನಲ್ಲಿ ಅವಮಾನ ಮಾಡುವ ಯೋಚನೆ ಇರಲಿಲ್ಲ ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು. ಹಳೆಯ ಏಜೆಂಟರು ದಿನವೂ ಮಾಡುತ್ತಿದ್ದುದನ್ನೇ ಅವರು ಮರಳಿ ಕೇಳಿದ್ದರು.

ತಿಂಗಳಿಗೆ 6,000ದಂತೆ 21 ಕಂತು ಎಂದು ಛಾಪಾಕಾಗದದ ಮೇಲೆ ಬರೆಸಲಾಯಿತು. ಅವನು ಈಗ ಒಂದು ಐಸ್ ಪ್ಲಾಂಟಿನಲ್ಲಿ ರಾತ್ರಿಪಾಳಿ ದುಡಿಯುತ್ತಾನೆ. ಎಲ್ಲವೂ ಸಲೀಸಾಗಿ ನಡೆದಿದೆ ಎಂದು ಹೇಳಲಾರೆ. ಹೊಸ ಕಾಯ್ದೆ ಬಂದ ಮೇಲೆ ಅವನ ಹಳೆಯ ಆಪಿನಲ್ಲಿ ಹಣದ ಆಟ ನಿಂತರೂ, ಅಕ್ಟೋಬರಿನಲ್ಲಿ ಗೆಳೆಯನೊಬ್ಬನ ಫೋನಿನಲ್ಲಿ ಬೇರೊಂದು ದಾರಿ ಹುಡುಕಿ ಎರಡೂವರೆ ಸಾವಿರ ಕಳೆದ. ಕಂತಿನ ದಿನ ಫೋನು ಬಂದ್ ಮಾಡಿ ಮಡಗಾಂವಿಗೆ ಹೋದ. ನಾಲ್ಕನೆಯ ದಿನ ತಾನಾಗಿಯೇ ಬಂದು, ಇಟ್ಟಿದ್ದ ಕೈಗಡಿಯಾರ ಮಾರಿ ಪೂರ್ತಿ ಮಾಡಿದ ಕಂತನ್ನು ಕೊಟ್ಟು, ತಡವಾದ ಕಾರಣವನ್ನೂ ಮಾರ್ಕೆಟ್ಟಿನಲ್ಲಿಯೇ ಹೇಳಿದ. ಕಾರಣ ಹೇಳಬೇಕೆಂದು ಕಾಗದದಲ್ಲಿ ಬರೆದಿರಲಿಲ್ಲ. ಈಗ ಅವನ ಸಂಬಳ ತಾಯಿಯ ಖಾತೆಗೆ ಹೋಗುತ್ತದೆ, ಅವನ ಕೈಯಲ್ಲಿ ಇರುವುದು ಒತ್ತುಗುಂಡಿಯ ಫೋನು. ವೈದ್ಯರ ಭೇಟಿ ಮುಂದುವರಿದಿದೆ.

ಸಂಘದ ಶಾಖೆಯಲ್ಲಿ ಒಂದು ಬದಲಾವಣೆ ಮಾಡಿಸಲು ಸಾಧ್ಯವಾಯಿತು. ಯಂತ್ರದ ಚೀಟಿಯ ಜೊತೆಗೆ ಕಾರ್ಡು ಮರಳಿ ಬಂದಿದೆ, ಮೂರು ತಿಂಗಳಿಗೊಮ್ಮೆ ಶಾಖೆಯವರೇ ಮಾರ್ಕೆಟ್ಟಿಗೆ ಬಂದು ಪ್ರತಿ ಖಾತೆಯ ಬಾಕಿಯನ್ನು ಓದಿ ಹೇಳಬೇಕೆಂದು ನಿರ್ಣಯವಾಗಿದೆ. ಒಮ್ಮೆ ಬಂದಿದ್ದಾರೆ. ನಿವೃತ್ತನಾದ ನಾನು ಹಿಂದಿನ ಶಾಲೆಯ ಮುಖ್ಯೋಪಾಧ್ಯಾಯರ ಬಳಿ ಸಂಚಯಿಕದ ಹಳೆಯ ಪುಸ್ತಕಗಳನ್ನು ತೆಗೆಸಿ, ಎಂಟನೆಯ ತರಗತಿಯಿಂದ ಮತ್ತೆ ಶುರುಮಾಡೋಣ ಎಂದು ಕೇಳಿಕೊಂಡಿದ್ದೇನೆ. ಹತ್ತು ರೂಪಾಯಿಯಿಂದ ಆರಂಭಿಸಿದರೂ ಸಾಕು.

ಕಳೆದ ಕಂತಿನ ದಿನ ನಾನು ಅವನ ಜೊತೆ ಹೋಗಿದ್ದೆ. ಬೆಳಿಗ್ಗೆ ಹತ್ತರ ಹೊತ್ತು, ಶೆಟ್ಲಿಯ ಬುಟ್ಟಿಗಳ ಸುತ್ತ ಗಿರಾಕಿಗಳಿದ್ದರು. ಪ್ರತಿ ಬುಟ್ಟಿಯ ಎದುರೂ ಕುಕ್ಕರಗಾಲಿನಲ್ಲಿ ಕೂತು, ಕೊಟ್ಟದ್ದೆಷ್ಟು ಉಳಿದದ್ದೆಷ್ಟು ಎಂದು ಓದಿದ. ಡಬ್ಬಿಯ ಹೆಂಗಸು ತಮ್ಮ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವಳು ಎರಡು ಗೆರೆಯ ಪುಸ್ತಕದಲ್ಲಿ ಅಂಕಿ ಬರೆದುಕೊಂಡು, ತಾನೂ ಒಮ್ಮೆ ಗಟ್ಟಿಯಾಗಿ ಓದಿದಳು. ಸಾಲಿನ ಕೊನೆಯಲ್ಲಿ ಕೂರುವ ಹಿರಿಯ ಹೆಂಗಸೊಬ್ಬರು ಇಂದಿಗೂ ಅವನ ಕೈಯಿಂದ ಹಣ ತೆಗೆದುಕೊಳ್ಳುವುದಿಲ್ಲ, ಅವನತ್ತ ನೋಡುವುದೂ ಇಲ್ಲ. ಅವರ ಪಾಲನ್ನು ಅವನು ಪಕ್ಕದವರ ಬುಟ್ಟಿಯ ಅಂಚಿನಲ್ಲಿ ಇಟ್ಟು, ಮೊತ್ತವನ್ನು ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ, ಎದ್ದು ಬಂದ.